ಜ್ವಾಲಾಮುಖಿ ಸಿಡಿದರೆ ಭೂಮಿ ಬಿಸಿಯಾಗುತ್ತದೆಯೇ?

ಪರ್ವತವೊಂದು ಕೆಂಡದಂಥ ಲಾವಾ ಉಗುಳುವುದನ್ನು ಟಿವಿಯಲ್ಲಿ ನೋಡಿದಾಗ, ಇದರಿಂದ ಭೂಮಿ ಇನ್ನಷ್ಟು ಕಾಯುತ್ತದೆ ಎಂದೇ ನಮಗೆ ಅನಿಸುತ್ತದೆ. ನಡೆಯುವುದು ಅದಕ್ಕೆ ತದ್ವಿರುದ್ಧ. ದೊಡ್ಡ ಜ್ವಾಲಾಮುಖಿ ಸಿಡಿದರೆ ಭೂಮಿ ಒಂದೆರಡು ವರ್ಷ ತುಸು ತಂಪಾಗುತ್ತದೆ.

ಬೂದಿ ಬಿಸಿಲನ್ನು ತಡೆಯುವುದೇ ಇದಕ್ಕೆ ಕಾರಣ ಎನ್ನುವವರಿದ್ದಾರೆ. ಆದರೆ ನಾವು ಬೂದಿ ಎನ್ನುವುದು ಇಲ್ಲಿ ಕಲ್ಲು ಮತ್ತು ಗಾಜಿನ ಪುಡಿ. ಅದರ ಬಹುಪಾಲು ಬೇಗನೆ ನೆಲಕ್ಕಿಳಿಯುತ್ತದೆ. ಹವಾಮಾನವನ್ನು ಬದಲಿಸುವುದು ಸಲ್ಫರ್ ಡೈಆಕ್ಸೈಡ್ ಅನಿಲ. ಸ್ಫೋಟ ಜೋರಾಗಿದ್ದರೆ ಅದು ಮಳೆಮೋಡಗಳನ್ನೂ ದಾಟಿ ಮೇಲಿನ ಸ್ತರಗೋಳವನ್ನು ಸೇರಿ, ಅಲ್ಲಿ ಗಂಧಕಾಮ್ಲದ ಅತಿಸಣ್ಣ ಹನಿಗಳಾಗುತ್ತದೆ. ಅಷ್ಟು ಎತ್ತರದಲ್ಲಿ ಅವುಗಳನ್ನು ತೊಳೆದುಹಾಕಲು ಮಳೆಯೇ ಇಲ್ಲ. ಹಾಗಾಗಿ ಅವು ಭೂಮಿಯ ಸುತ್ತ ತೆಳುವಾದ ಪರದೆಯಂತೆ ಹರಡಿ, ಬಿಸಿಲಿನ ಒಂದು ಪಾಲನ್ನು ಬಾಹ್ಯಾಕಾಶಕ್ಕೇ ತಿರುಗಿಸುತ್ತವೆ. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ರಾಶಿ ರಾಶಿ ಬೂದಿ ಕಾರಿತು. ಗಂಧಕ ಕಡಿಮೆ ಇದ್ದುದರಿಂದ ಜಗತ್ತಿನ ಹವಾಮಾನ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು.

ಫಿಲಿಪೀನ್ಸ್‌ನ ಪಿನಟೂಬೊ ಹಾಗಲ್ಲ. 1991ರ ಜೂನ್ 15ರಂದು ಸಿಡಿದ ಅದು ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಸಲ್ಫರ್ ಡೈಆಕ್ಸೈಡನ್ನು ಮೇಲಕ್ಕೆ ಎಸೆಯಿತು. ನಾಸಾದ ಜೇಮ್ಸ್ ಹ್ಯಾನ್ಸನ್ ಮತ್ತು ಸಂಗಡಿಗರು ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿ, ಜಗತ್ತು ಸುಮಾರು ಅರ್ಧ ಡಿಗ್ರಿ ತಣ್ಣಗಾಗಲಿದೆ ಎಂದು ಮುಂಚೆಯೇ ಹೇಳಿದರು. 1992ರಲ್ಲಿ ಬಹುಮಟ್ಟಿಗೆ ಹಾಗೇ ಆಯಿತು! ಹವಾಮಾನ ಮಾದರಿಗಳೆಲ್ಲ ಬರೀ ಊಹೆ ಎನ್ನುವವರಿಗೆ ನಾವು ಮೊದಲು ತೋರಿಸಬೇಕಾದ ಉದಾಹರಣೆ ಇದು.

ಅರ್ಧ ಡಿಗ್ರಿ ಏನು ಮಹಾ ಎನ್ನುವಂತಿಲ್ಲ. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಸಿಡಿದಾಗ ಆಸುಪಾಸಿನಲ್ಲೇ ಹತ್ತಾರು ಸಾವಿರ ಜನ ಸತ್ತರು. ಮರುವರ್ಷ ದೂರದ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಕೈಕೊಟ್ಟು ಧಾನ್ಯದ ಬೆಲೆ ಗಗನಕ್ಕೇರಿತು. ಅಮೆರಿಕದ ಈಶಾನ್ಯ ಭಾಗದಲ್ಲಿ ಜೂನ್‌ನಲ್ಲಿ ಹಿಮ ಬಿತ್ತು.

ಇನ್ನು, ಪದೇ ಪದೇ ಕೇಳಿಬರುವ ಮಾತೊಂದಿದೆ: ‘ಒಂದು ಜ್ವಾಲಾಮುಖಿ ನಮ್ಮ ವಾಹನಗಳಿಗಿಂತ ಹೆಚ್ಚು ಕಾರ್ಬನ್ ಬಿಡುತ್ತದೆ, ಸುಮ್ಮನೆ ನಮ್ಮನ್ನೇಕೆ ದೂರುತ್ತೀರಿ?’ ಇದು ಶುದ್ಧ ಸುಳ್ಳು. ಕಲ್ಲಿದ್ದಲು, ತೈಲ, ಅನಿಲ ಸುಟ್ಟು ನಾವು ವರ್ಷಕ್ಕೆ 3,500 ಕೋಟಿ ಟನ್‌ಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬಿಡುತ್ತೇವೆ. ಜಗತ್ತಿನ ಎಲ್ಲ ಜ್ವಾಲಾಮುಖಿಗಳನ್ನು ಸೇರಿಸಿದರೂ ಅದರ ಶೇಕಡಾ 2ರಷ್ಟೂ ಆಗುವುದಿಲ್ಲ. ಪಿನಟೂಬೊ ಸಿಡಿದ ನಂತರದ ಒಂದೆರಡು ವರ್ಷ ಗಾಳಿಯಲ್ಲಿ ಈ ಅನಿಲ ಏರುವ ವೇಗ ಹೆಚ್ಚಲಿಲ್ಲ, ಬದಲಿಗೆ ತಗ್ಗಿತ್ತು. ತಂಪು ತಂದ ಹನಿಗಳೂ ಎರಡು-ಮೂರು ವರ್ಷಗಳಲ್ಲಿ ಇಳಿದುಹೋದವು. ತಾಪಮಾನ ಮತ್ತೆ ಮೊದಲಿನ ಏರುದಾರಿ ಹಿಡಿಯಿತು.

ಜ್ವಾಲಾಮುಖಿಗಳು ಭೂಮಿಯನ್ನು ಬಿಸಿ ಮಾಡಿದ್ದೇ ಇಲ್ಲವೆಂದಲ್ಲ. ಅದಕ್ಕೆ ಲಕ್ಷಾಂತರ ವರ್ಷ ಲಾವಾ ಹರಿಯುತ್ತಲೇ ಇರಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹಾಗೆ ಹರಿದಿತ್ತು. ವಿಜಯಪುರ, ಕಲಬುರಗಿಯ ಕಪ್ಪು ಎರೆಮಣ್ಣು ಆ ಲಾವಾ ಕಲ್ಲು ಸವೆದು ಆದದ್ದೇ. ಅಂಥದ್ದು ಈಗ ಭೂಮಿಯ ಮೇಲೆ ಎಲ್ಲೂ ನಡೆಯುತ್ತಿಲ್ಲ.