ಪರದೆಯ ಮೇಲೆ ಕಾಣದಾದ ಒತ್ತಕ್ಷರ

ಶ್ರಾವಣ ಮಾಸದ ಪ್ರವಚನಗಳಲ್ಲಿ ವಚನಗಳನ್ನು ಪರದೆಯ ಮೇಲೆ ಮೂಡಿಸಿ, ನೆರೆದವರೆಲ್ಲ ಒಟ್ಟಾಗಿ ಓದುವ ಪರಿಪಾಠ ಅನೇಕ ಊರುಗಳಲ್ಲಿ ಬಂದಿದೆ. ಸಂತೋಷದ ಸಂಗತಿಯೇ. ಕಳೆದ ಶ್ರಾವಣದಲ್ಲಿ ಅಂಥದೊಂದು ಗೋಷ್ಠಿಗೆ ಹೋಗಿದ್ದೆ. ಸಾಮೂಹಿಕ ಪಠಣ ಮೊದಲ ಸಾಲಿನಲ್ಲಿಯೇ ಚದುರಿತು. ಮುಂದಿನ ಮಕ್ಕಳು ಒಂದು ಓದಿದರೆ ಹಿಂದಿನ ತಾಯಂದಿರು ಮತ್ತೊಂದು ಓದಿದರು, ಕೆಲವರು ಸುಮ್ಮನಾದರು. ಪರದೆ ದೊಡ್ಡದಿತ್ತು, ಬೆಳಕೂ ಸಾಕಷ್ಟಿತ್ತು. ಆದರೆ ಒತ್ತಕ್ಷರಗಳೆಲ್ಲ ಕಲಸಿಹೋಗಿದ್ದವು. ಪಕ್ಕದಲ್ಲಿದ್ದ ಹಿರಿಯರು ಕನ್ನಡಕ ಒರೆಸಿಕೊಳ್ಳುತ್ತ, “ನನ್ನ ಕಣ್ಣೇ ಹೋದವೇನೋ ತಮ್ಮಾ” ಎಂದರು. ದೋಷ ಅವರ ಕಣ್ಣಿನದಾಗಿರಲಿಲ್ಲ.

ಪ್ರೊಜೆಕ್ಟರು ಚಿತ್ರವನ್ನು ಕಟ್ಟುವುದು ಚುಕ್ಕೆಗಳಿಂದ, ನಮ್ಮ ಮನೆಯಂಗಳದ ಚುಕ್ಕಿ ರಂಗೋಲಿಯ ಹಾಗೆ. ಅಡ್ಡಲಾಗಿ ಎಷ್ಟು ಚುಕ್ಕೆ, ಮೇಲಿನಿಂದ ಕೆಳಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕಕ್ಕೆ ರೆಸಲ್ಯೂಷನ್ ಎಂದು ಹೆಸರು. ಯಂತ್ರ ತಯಾರಾಗುವಾಗಲೇ ಇದು ನಿಗದಿಯಾಗಿರುತ್ತದೆ. ಅಂದಿನ ಪ್ರೊಜೆಕ್ಟರು ಹಳೆಯದು. ಅಡ್ಡಲಾಗಿ 1024, ಕೆಳಕ್ಕೆ 768, ಒಟ್ಟು 7,86,432 ಚುಕ್ಕೆಗಳು. ಪರದೆಯನ್ನು ಹಿಗ್ಗಿಸಿದರೆ ಚುಕ್ಕೆಗಳು ಹೆಚ್ಚುವುದಿಲ್ಲ, ದಪ್ಪವಾಗುತ್ತವೆ ಅಷ್ಟೆ. 8 ಅಡಿ ಅಗಲದ ಪರದೆಯ ಮೇಲೆ ಅಲ್ಲಿನ ಒಂದೊಂದು ಚುಕ್ಕೆಯೂ ಸುಮಾರು 2.4 ಮಿಲಿಮೀಟರ್ ಆಗಿತ್ತು.

ತೊಡಕು ಬಂದದ್ದು ಜೋಡಣೆಯಲ್ಲಿ. ಲ್ಯಾಪ್‌ಟಾಪು ಅಡ್ಡಲಾಗಿ 1366 ಚುಕ್ಕೆಗಳ ಚಿತ್ರವನ್ನು ಕಳುಹಿಸುತ್ತಿತ್ತು. ಪ್ರೊಜೆಕ್ಟರಿನಲ್ಲಿ ಇದ್ದ ಸ್ಥಳ 1024. ಅಂದರೆ ಪ್ರತಿ 4 ಚುಕ್ಕೆಗಳನ್ನು 3ರಲ್ಲಿ ತುರುಕಬೇಕು. ಆಗ ಅಕ್ಷರದ ಒಂದು ಗೆರೆ ದಪ್ಪವಾಗುತ್ತದೆ, ಇನ್ನೊಂದು ಮಸುಕಾಗುತ್ತದೆ. ಪೂಜ್ಯರ ಭಾವಚಿತ್ರದಲ್ಲಿ ಮುಖ ನೀಳವಾಗಿ ಕಂಡದ್ದೂ ಇದೇ ಕಾರಣದಿಂದ. ಇಂಗ್ಲಿಷ್ ಅಕ್ಷರಗಳು ಈ ಹಿಂಸೆಯನ್ನು ಹೇಗೋ ತಾಳಿಕೊಳ್ಳುತ್ತವೆ. ನಮ್ಮ ಲಿಪಿಯಲ್ಲಿ ಅರ್ಥ ನಿಂತಿರುವುದೇ ಪುಟ್ಟ ಒತ್ತುಗಳ ಮೇಲೆ.

ಯಂತ್ರ ನಡೆಸುತ್ತಿದ್ದ ಹುಡುಗ ಜಾಣ. ವಿಂಡೋಸ್ ಗುರುತಿನ ಕೀಲಿಯೊಂದಿಗೆ ‘ಪಿ’ ಒತ್ತಿ, ಚಿತ್ರ ಪ್ರೊಜೆಕ್ಟರಿಗೆ ಮಾತ್ರ ಹೋಗುವಂತೆ ಮಾಡಿದ. ಬಳಿಕ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1024×768 ಆರಿಸಿದ. ಎರಡು ನಿಮಿಷದ ಕೆಲಸ. ಒಂದೇ ಪುಟದಲ್ಲಿ ತುಂಬಿದ್ದ ಹದಿನಾಲ್ಕು ಸಾಲುಗಳನ್ನು ಎರಡು ಪುಟಗಳಿಗೆ ಹಂಚಿ, ಅಕ್ಷರಗಳನ್ನು ದೊಡ್ಡದು ಮಾಡಿದ. ಮುಂದಿನ ವಚನವನ್ನು ಆ ಹಿರಿಯರೇ ಎಲ್ಲರಿಗಿಂತ ಮುಂದಾಗಿ ಓದಿದರು.

ಓರೆಯಾಗಿ ಇಟ್ಟ ಪ್ರೊಜೆಕ್ಟರಿನ ಚಿತ್ರವನ್ನು ಕೀಸ್ಟೋನ್ ಗುಂಡಿಯಿಂದ ನೇರಗೊಳಿಸುವ ಅಭ್ಯಾಸವೂ ಒಳ್ಳೆಯದಲ್ಲ. ಅದರಿಂದಲೂ ಚುಕ್ಕೆಗಳು ನಷ್ಟವಾಗುತ್ತವೆ. ಯಂತ್ರವನ್ನೇ ಸರಿಸಿ ಇಡಬೇಕು.

ಹೊಸದನ್ನು ಕೊಳ್ಳುವ ಸಂಘದವರು ಒಂದು ಮಾತನ್ನು ಗಮನಿಸಬೇಕು. ಅಗ್ಗದ ಯಂತ್ರಗಳ ಪೆಟ್ಟಿಗೆಯ ಮೇಲೆ ‘1080 ಸಪೋರ್ಟ್’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅಷ್ಟು ಚುಕ್ಕೆಗಳ ಚಿತ್ರವನ್ನು ಅದು ಸ್ವೀಕರಿಸುತ್ತದೆ ಎಂದಷ್ಟೇ ಇದರ ಅರ್ಥ; ತೋರಿಸುವುದು ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು. ಭಕ್ತರ ಕಾಣಿಕೆಯ ಹಣ ಕೊಡುವ ಮುನ್ನ ‘ನೇಟಿವ್ ರೆಸಲ್ಯೂಷನ್’ ಎಷ್ಟೆಂದು ಕೇಳಿ, ಉತ್ತರವನ್ನು ರಶೀದಿಯ ಮೇಲೆ ಬರೆಸಿಕೊಳ್ಳಿ. ಅಂಗಡಿಯಲ್ಲಿಯೇ ಒತ್ತಕ್ಷರಗಳಿರುವ ಒಂದು ವಚನವನ್ನು ಮೂಡಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಓದಿ ನೋಡಿ.