ಬನ ಯಾರದು, ತಮಟೆ ಯಾರದು?

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡಿನ ಗುಡಿಗಳು ಯುನೆಸ್ಕೊ ಪಟ್ಟಿ ಸೇರಿದವು. ಒಳ್ಳೆಯದೇ ಆಯಿತು. ಅದೇ ಹಾಸನ ಜಿಲ್ಲೆಯ ಪಡುವಣ ಗುಡ್ಡಗಳಲ್ಲಿ, ಸಕಲೇಶಪುರ, ಆಲೂರಿನ ಊರುಗಳಲ್ಲಿ ದೇವರ ಬನಗಳಿವೆ, ಸುಗ್ಗಿ ಹಬ್ಬವಿದೆ. ಅವಕ್ಕೆ ಫಲಕವಿಲ್ಲ, ಅನುದಾನವಿಲ್ಲ, ನೋಡಲು ಬರುವ ಮಂತ್ರಿಯೂ ಇಲ್ಲ.

ಸುಗ್ಗಿ ಸಾರಿದರೆ ಎಷ್ಟೋ ಊರುಗಳಲ್ಲಿ ಹಸಿ ಮರಕ್ಕೆ ಕತ್ತಿ ತಾಗುವಂತಿಲ್ಲ, ಚಪ್ಪಲಿ ಮೆಟ್ಟುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಈ ಕಟ್ಟುಕಟ್ಟಳೆ ಯಾವ ಇಲಾಖೆಯ ಆದೇಶವೂ ಅಲ್ಲ. ಗದ್ದೆಯ ಕೆಸರು ತುಳಿದವರು, ತೋಟದ ಕೂಲಿಗೆ ಹೋದವರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದದ್ದು. ಇವತ್ತು ಬನದ ಅಂಚಿಗೆ ಜೆಸಿಬಿ ತಂದು ರೆಸಾರ್ಟ್ ಕಟ್ಟುವವನು ಅದೇ ಸುಗ್ಗಿ ಕುಣಿತವನ್ನು ತನ್ನ ಜಾಹೀರಾತಿಗೆ ಹಾಕಿಕೊಳ್ಳುತ್ತಾನೆ. ಎಂಥ ಭಂಡತನ!

ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ನಿಂತ ಶೆಟ್ಟಿಹಳ್ಳಿ ಚರ್ಚಿನ ಫೋಟೊ ಎಲ್ಲರ ಮೊಬೈಲಿನಲ್ಲಿದೆ. ಅದೇ ನೀರಿನಡಿ ಹೋದ ಊರುಗಳ ಗುಡಿ, ಕಟ್ಟೆ, ಗದ್ದೆಗಳ ಹೆಸರು ಹೇಳಬಲ್ಲವರು ಎಷ್ಟು ಮಂದಿ? ಆಮೇಲೆ ಬಯಲುಸೀಮೆಗೆ ನೀರು ಒಯ್ಯುವ ಎತ್ತಿನಹೊಳೆ ಯೋಜನೆ ಬಂತು. 8 ಸಾವಿರ ಕೋಟಿಯಲ್ಲಿ ಶುರುವಾದ ಅಂದಾಜು 23 ಸಾವಿರ ಕೋಟಿ ದಾಟಿತು. ಬಯಲುಸೀಮೆಯ ಬಾಯಾರಿಕೆ ನಿಜ. ಅದರ ಹೆಸರಿನಲ್ಲಿ ಗುಡ್ಡ ಬಗೆದು, ಹಳ್ಳದ ದಡದವರ ಕೂಗನ್ನು ಕಸದಂತೆ ಗುಡಿಸಿದ್ದನ್ನು ನಾನು ಕ್ಷಮಿಸಲಾರೆ.

ಬನ ಉಳಿಸಿಕೊಂಡವರೂ ಇದ್ದಾರೆ. ಕೆನ್ಯಾದ ಕರಾವಳಿಯ ಮಿಜಿಕೆಂಡ ಜನರಿಗೆ ‘ಕಾಯಾ’ ಎಂಬ ಬನಗಳಿವೆ. ಒಂದು ಕಾಲಕ್ಕೆ ಅವರ ಊರುಗಳೇ ಅಲ್ಲಿದ್ದವು. 1940ರ ದಶಕದ ಹೊತ್ತಿಗೆ ಜನ ಮನೆ ಬಿಟ್ಟು ಹೊರಬಂದರೂ ಕಾಡಿನ ಕೈ ಬಿಡಲಿಲ್ಲ. ಹಿರಿಯರ ಕೂಟಗಳು ಕಾದವು. ಹೋಟೆಲಿನವರೂ ಜಮೀನಿನ ದಲ್ಲಾಳಿಗಳೂ ಒತ್ತಿ ಬಂದಾಗಲೂ ಕಾದವು. 1990ರ ದಶಕದಲ್ಲಿ ಸರ್ಕಾರ ಅವನ್ನು ರಾಷ್ಟ್ರೀಯ ಸ್ಮಾರಕಗಳೆಂದು ಘೋಷಿಸತೊಡಗಿತು, 2008ರಲ್ಲಿ ಯುನೆಸ್ಕೊ ಪಟ್ಟಿಗೂ ಏರಿದವು. ಮೊದಲು ಕಾವಲು, ಆಮೇಲೆ ಫಲಕ. ಕಾವಲು ಕಾದವರು ಅಲ್ಲಿ ಇಂದಿಗೂ ಬನದ ಯಜಮಾನರು. ಇಲ್ಲಿ?

ಇಲ್ಲಿ ನಮ್ಮೂರಿನ ಯಜಮಾನಿಕೆಯನ್ನೂ ಕೇಳಬೇಕಾಗಿದೆ. ತಮಟೆಯ ಪೆಟ್ಟು ಬೀಳದೆ ಹಬ್ಬ ಮೇಲೇಳುವುದಿಲ್ಲ. ಆ ಪೆಟ್ಟು ಹಾಕುವ ಕೈ ದಲಿತ ಕೇರಿಯದು. ಹಗಲಿರುಳು ಬಡಿದು ಬೊಬ್ಬೆ ಎದ್ದ ಆ ಕೈಗೆ ಎಷ್ಟೋ ಕಡೆ ಗುಡಿಯ ಬಾಗಿಲಿಲ್ಲ, ಊಟಕ್ಕೆ ಬೇರೆಯದೇ ಸಾಲು. ಇದೂ ಪರಂಪರೆ ಎನ್ನುವವರಿಗೆ ನನ್ನ ಉತ್ತರ ಒಂದೇ: ಬನ ಉಳಿಯಲಿ, ಆ ಸಾಲು ಸುಟ್ಟುಹೋಗಲಿ. ಸಂಸ್ಕೃತಿ ಉಳಿಸುತ್ತೇವೆಂದು ವೇದಿಕೆ ಹತ್ತಿ ಜಾತಿ ಉಳಿಸುವವರ ಜೊತೆ ನಾನು ಒಂದು ಹೆಜ್ಜೆಯನ್ನೂ ಕುಣಿಯುವುದಿಲ್ಲ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರನ್ನು ಕೇಳಿ ದಾಖಲೆ ಬರೆಯಬೇಕು. ಆ ದಾಖಲೆಯಲ್ಲಿ ನಮ್ಮ ಬನಗಳನ್ನು ಸರ್ವೆ ನಂಬರ್ ಸಮೇತ ಬರೆಯಿರಿ. ಸಮಿತಿಯಲ್ಲಿ ತಮಟೆ ಬಡಿಯುವ ಮನೆಯವರನ್ನು ಕೂರಿಸಿ; ಕುರ್ಚಿಯ ಮೇಲೆ, ಎಲ್ಲರ ಸಮಕ್ಕೆ. ಬರೆದ ಪುಸ್ತಕವನ್ನು ಮುಂದಿನ ಗ್ರಾಮಸಭೆಗೆ ತಂದು ಗಟ್ಟಿಯಾಗಿ ಓದಿ. ಬಿಟ್ಟುಹೋದ ಬನಗಳ ಹೆಸರನ್ನು ನಾವು ಹೇಳುತ್ತೇವೆ, ಅಲ್ಲೇ ಬರೆದುಕೊಳ್ಳಿ.