ಅಮೃತಬಳ್ಳಿಯೂ ಅದರ ಅಳತೆಯೂ

ಕೋವಿಡಿನ ದಿನಗಳಲ್ಲಿ ರೋಗನಿರೋಧಕ ಶಕ್ತಿಯ ಆಸೆಯಿಂದ ಅಮೃತಬಳ್ಳಿಯನ್ನು ಸೇವಿಸುತ್ತಿದ್ದ ಆರು ಮಂದಿಯ ಯಕೃತ್ತು ಕೆಟ್ಟಿತೆಂದೂ ಅವರಲ್ಲೊಬ್ಬರು ತೀರಿಕೊಂಡರೆಂದೂ ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದಾಗ, ಆಯುಷ್ ಸಚಿವಾಲಯವು ಅದು ಅದೇ ಕುಲದ ಬೇರೊಂದು ಬಳ್ಳಿಯಾಗಿರಬಹುದೆಂದು ಆಕ್ಷೇಪಿಸಿತು. ಆಕ್ಷೇಪ ಹುರುಳಿಲ್ಲದ್ದಲ್ಲ, ಕಾಂಡದ ತುಂಬ ಗಂಟುಗಳುಳ್ಳ, ಕೊಯ್ದರೆ ಹಾಲೊಸರುವ ಆ ದಾಯಾದಿಯನ್ನು ಒಣಗಿಸಿ ಪುಡಿಮಾಡಿದ ಮೇಲೆ ಗುರುತಿಸಬಲ್ಲವರು ವಿರಳ. ಆದರೆ 2022ರಲ್ಲಿ ದೇಶದ 13 ಚಿಕಿತ್ಸಾ ಕೇಂದ್ರಗಳಿಂದ 43 ರೋಗಿಗಳ ವೃತ್ತಾಂತ ಹೊರಬಿದ್ದು, ದೇಹದ ರಕ್ಷಣಾವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬಿದ್ದ ಲಕ್ಷಣಗಳು ಅವರಲ್ಲಿ ಹಲವರಲ್ಲಿ ಕಂಡುಬಂದಿರಲು, ಅದೇ ವರ್ಷ ಸಚಿವಾಲಯವು ಬಳ್ಳಿ ನಿರಪಾಯವೆಂದು ಮತ್ತೆ ಸಾರಿದ್ದು ಶಾಸ್ತ್ರದ ರಕ್ಷಣೆಯಲ್ಲ, ಕೇವಲ ಪ್ರತಿಷ್ಠೆಯ ರಕ್ಷಣೆ.

ಶಾಸ್ತ್ರಕ್ಕಾದರೋ ಇಂತಹ ಅಭಯದ ಹಂಗಿಲ್ಲ. ತಪ್ಪಾಗಿ ಪ್ರಯೋಗಿಸಿದ ಔಷಧವನ್ನು ವಿಷದ ಸಾಲಿಗೇ ಸೇರಿಸಿದ್ದು ಚರಕಸಂಹಿತೆ. ಮಾತ್ರೆ, ಕಾಲ, ರೋಗಿಯ ಪ್ರಕೃತಿ ಇವುಗಳನ್ನು ನೋಡದೆ ಕೊಟ್ಟುದನ್ನು ಚಿಕಿತ್ಸೆಯೆಂದು ಅದು ಕರೆಯದು. ನಮ್ಮ ಅಜ್ಜಿ ಹಿತ್ತಿಲ ಬೇವಿನ ಮರಕ್ಕೆ ಹಬ್ಬಿಸಿದ್ದ ಬಳ್ಳಿಯಿಂದ ಹೆಬ್ಬೆರಳುದ್ದದ ತುಂಡನ್ನು ಕೊಯ್ದು, ಕಾಗದದಂತಹ ಹೊರಸಿಪ್ಪೆಯನ್ನು ಉಗುರಿನಿಂದ ಸುಲಿದು, ಜಜ್ಜಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ, ಜ್ವರ ಬಂದವರಿಗೆ ಬೆಳಿಗ್ಗೆ ಒಂದು ಒಳಲೆಯಷ್ಟನ್ನು ಕುಡಿಸುತ್ತಿದ್ದಳು. ಜ್ವರ ಬಿಟ್ಟ ಮರುದಿನ ಕೇಳಿದರೂ ಕೊಡುತ್ತಿರಲಿಲ್ಲ. (ಆ ಕಹಿಯನ್ನು ಕೇಳುವವರಾದರೂ ಯಾರು!) ನಿಲ್ಲಿಸುವುದೂ ಮದ್ದಿನ ಒಂದು ಭಾಗವೆಂಬುದು ಆಕೆಗೆ ತಿಳಿದಿತ್ತು.

ಸರಕಾರಕ್ಕೂ ತಿಳಿಯದುದಲ್ಲ. 2020ರ ಅಕ್ಟೋಬರಿನಲ್ಲಿ ಹೊರಟ ಆಯುಷ್ ಚಿಕಿತ್ಸಾಸೂತ್ರವು ಗುಡೂಚಿ (ಅಮೃತಬಳ್ಳಿಯೇ) ಘನವಟಿಯನ್ನು ದಿನಕ್ಕೆರಡು ಬಾರಿ, 500 ಮಿಲಿಗ್ರಾಮಿನಂತೆ, 15 ದಿನ ಅಥವಾ ಒಂದು ತಿಂಗಳು ಎಂದೇ ವಿಧಿಸಿತ್ತು. ಜನರ ಕೈಗೆ ತಲಪುವ ಹೊತ್ತಿಗೆ ಬಳ್ಳಿ ಉಳಿಯಿತು, ಗಡುವು ಕಳಚಿತು. ಹಾಗೆಂದು ಇದೇ ನೆವದಿಂದ ಆಯುರ್ವೇದವೆಲ್ಲ ಬೂಟಾಟಿಕೆಯೆಂದು ಗೇಲಿಮಾಡುವ ವಿದ್ವಾಂಸರ ಪಂಕ್ತಿಯಲ್ಲಿ ನಾನು ಕೂಡಲಾರೆ. ಅವರಿಗೂ ಹಿತ್ತಿಲಿನ ಪರಿಚಯವಿಲ್ಲ. ನಾನು ಕೇಳುವುದು ಇಷ್ಟೆ: ಯಕೃತ್ತಿನ ಬೇನೆ, ಥೈರಾಯ್ಡ್, ಮಧುಮೇಹವುಳ್ಳವರು ವೈದ್ಯರನ್ನು ಕೇಳದೆ ಮುಟ್ಟಬಾರದೆಂದೂ, ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣವಾದರೆ ಆ ಕ್ಷಣವೇ ಬಿಟ್ಟು ಆಸ್ಪತ್ರೆಗೆ ಹೋಗಬೇಕೆಂದೂ ಪ್ರತಿಯೊಂದು ಸೀಸೆಯ ಮೇಲೆ ಅಚ್ಚಾಗಲಿ.

ಪೇಟೆಯಿಂದ ತಂದ ಒಂದು ಸೀಸೆ ಈಗ ನನ್ನ ಮೇಜಿನ ಮೇಲಿದೆ. ಹೃದಯಾಕಾರದ ಎರಡು ಹಸುರೆಲೆಗಳ ಚಿತ್ರ. ಕೆಳಗೆ, ದಿನವೂ ಸೇವಿಸಿರಿ ಎಂಬ ಮಾತು. ಎಷ್ಟು ದಿನವೆಂದು ಹುಡುಕಿ, ಕನ್ನಡಕ ಹಾಕಿಕೊಂಡು ಸುತ್ತಲೂ ತಿರುಗಿಸಿ ನೋಡಿದೆ, ಎಲ್ಲಿಯೂ ಬರೆದಿರಲಿಲ್ಲ.